ತಮ್ಮನಿಗೆ ಹೇಳದ ನಲವತ್ತು ನಿಮಿಷ

ಹೋದ ತಿಂಗಳು ನಮ್ಮ ಶೆಡ್ಡಿನಲ್ಲಿ ಕಸ್ತೂರಿಗೆ ನೆಗಡಿ ಬಂತು. ನಾವು ಐದು ಮಂದಿ ಹೆಣ್ಣುಮಕ್ಕಳು ಮೂಡಲಗಿಯಲ್ಲಿ ಖಡಕ್ ರೊಟ್ಟಿ ಮಾಡಿ ಗೋಕಾಕದ ಅಂಗಡಿಗಳಿಗೆ ಕೊಡುತ್ತೇವೆ. ಮಧ್ಯಾಹ್ನ ಹಂಚು ಇಳಿಸಿದ ಮೇಲೆ ಕಸ್ತೂರಿ ಅದೇ ಒಲೆಯ ಮೇಲೆ ಒಂದು ಪಾತೇಲಿ ನೀರಿಟ್ಟು ಬೆಳ್ಳುಳ್ಳಿ ಜಜ್ಜಿ ಹಾಕಿದಳು. ನೀರು ಕುದ್ದು ಹಬೆ ಎದ್ದಿತು. ನಾನು ಕೈಯಲ್ಲಿದ್ದ ರೊಟ್ಟಿಗಳನ್ನು ಕೆಳಗಿಟ್ಟು ಹೊರಗೆ ಬಂದು ನಿಂತೆ.

“ಯಾಕ್ರಿ ನೀಲಕ್ಕಾರ, ಏನಾತು?” ಎಂದು ಕಸ್ತೂರಿ ಕೇಳಿದಳು.

“ಹೊಗಿ ಹತ್ತಿತು.”

“ಇಪ್ಪತ್ತು ವರ್ಷ ಹತ್ತಲಾರದ ಹೊಗಿ ಇವತ್ತ ಹತ್ತಿತೇನ್ರಿ?” ಅಂದಳು. ಒಳಗಿದ್ದವರೆಲ್ಲ ನಕ್ಕರು.

ಹೊಗೆಯಲ್ಲ, ಆ ಬೆಳ್ಳುಳ್ಳಿ ನೀರಿನ ವಾಸನೆ. ಮೂರು ವರ್ಷದ ಹಿಂದೆ ಮೇ ತಿಂಗಳಲ್ಲಿ ನಾನು ಮತ್ತು ನನ್ನ ತಮ್ಮ ಬಸು ಹಿಮಾಲಯದ ಗುಡ್ಡಗಳಲ್ಲಿ ಬೆನ್ನಿಗೆ ಚೀಲ ಹೊತ್ತು ನಡೆದಿದ್ದೆವು. ಅಲ್ಲಿ ದಿನಾ ಸಂಜೆ ಡೇರೆ ಸೇರಿದ ಕೂಡಲೇ ಎಲ್ಲರ ಕೈಗೂ ಒಂದೊಂದು ಲೋಟ ಇದೇ ನೀರನ್ನು ಕೊಡುತ್ತಿದ್ದರು. ಎತ್ತರದ ಜಾಗದಲ್ಲಿ ಉಸಿರಿಗೆ ಒಳ್ಳೆಯದು ಎಂದು ಅವರ ನಂಬಿಕೆ. ಮೂರು ವರ್ಷ ನಾನು ಆ ವಾಸನೆಯಿಂದ ದೂರ ಇದ್ದೆ. ಅವತ್ತು ಅದೇ ನನ್ನನ್ನು ಹುಡುಕಿಕೊಂಡು ಬಂದಂತೆ ಇತ್ತು. ಯಾಕೆಂದರೆ ಅವತ್ತೇ ಸಂಜೆ ಹುಕ್ಕೇರಿಯಿಂದ ಬಸು ಫೋನ್ ಮಾಡಿದ.

“ಅಕ್ಕಾ, ಮೇ ತಿಂಗಳಿಗೆ ನಿನ್ನ ಹೆಸರ ಹಚ್ಚಾಕತ್ತೇನಿ. ಅದ ಗುಡ್ಡ, ಅದ ಹಾದಿ. ಜಗತ್ ಭೈಯಾ ಕರಕೊಂಡ ಹೋಗ್ತಾನ. ನಾ ಕೆಳಗ ಹಳ್ಳ್ಯಾಗ ಕುಂತು ಕಾಯ್ತೇನಿ. ಈ ಸಲ ನೀ ಮ್ಯಾಲ ಮುಟ್ಟಾಕ ಬೇಕು.”

“ಯಾಕೋ ಈಗ?”

“ಯಾಕ ಅಂದ್ರ? ನನ್ನ ಸಲುವಾಗಿ ನೀ ಅರ್ಧ ತಾಸಿನ ಹಾದಿ ಬಿಟ್ಟು ಹೊಳ್ಳಿ ಬಂದಿ. ಅದು ನನ್ನ ಎದಿ ಮ್ಯಾಲ ಕುಂತೈತಿ. ಜಗತ್ ಭೈಯಾ ಏನೋ, ‘ಮೊದಲ ದೀದೀನ್ನ ಕೇಳು’ ಅಂದ. ನಿನ್ನ ಕೇಳೂದೇನೈತಿ?”

ನಾನು ಹೂಂ ಅನ್ನಲಿಲ್ಲ, ಒಲ್ಲೆ ಅನ್ನಲಿಲ್ಲ. ಫೋನ್ ಇಟ್ಟೆ. ನಾನು ಹೊಳ್ಳಿ ಬಂದಿರಲಿಲ್ಲ. ಮೇಲೆ ಮುಟ್ಟಿಯೇ ಬಂದಿದ್ದೆ. ಮಾರ್ಗದರ್ಶಕ ಜಗತ್‌ಗೆ ಅದು ಗೊತ್ತಿತ್ತು. ಗೊತ್ತಿರಬೇಕಾಗಿದ್ದ ನನ್ನ ತಮ್ಮನಿಗೆ ಮಾತ್ರ ಗೊತ್ತಿರಲಿಲ್ಲ.

ಬಸು ನನಗಿಂತ ಒಂಬತ್ತು ವರ್ಷ ಸಣ್ಣವನು. ಅವ್ವ ಕೂಲಿಗೆ ಹೋಗುತ್ತಿದ್ದಳು, ನಾನು ನಾಲ್ಕನೆಯ ಇಯತ್ತೆ ಮುಗಿಸಿ ಸಾಲೆ ಬಿಟ್ಟು ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೆ. ಇದನ್ನು ದುಃಖಕ್ಕೆ ಹೇಳುತ್ತಿಲ್ಲ. ಅವನು ಕಲಿತ, ಹುಕ್ಕೇರಿ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ ಆದ. ನಾನು ರೊಟ್ಟಿ ಬಡಿಯುವುದರಲ್ಲಿ ಯಾರಿಗೂ ಸೋಲದವಳಾದೆ. ಇಬ್ಬರದೂ ಸರಿಯಾಯಿತು. ಪ್ರತಿ ವರ್ಷ ಬೇಸಿಗೆ ಸೂಟಿಯಲ್ಲಿ ಅವನು ಹಿಮಾಲಯಕ್ಕೆ ಹೋಗುತ್ತಿದ್ದ. ಬಂದ ಮೇಲೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಹಿಮ, ನದಿ, ಕುರಿ ಕಾಯುವವರು ಎಂದು ಹೇಳುತ್ತಿದ್ದ. ನಾನು ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ನಾಲ್ಕು ವರ್ಷ ಹೀಗೇ ಕೇಳಿದ ಮೇಲೆ ಒಂದು ದಿನ, “ನಾನೂ ಬರ್ತೇನಿ” ಅಂದೆ. ಅವನಿಗೆ ಮೊದಲು ಚೇಷ್ಟೆ ಅನ್ನಿಸಿತು.

ಊರಿಗೆ ಸುದ್ದಿ ಗೊತ್ತಾದ ಮೇಲೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. ಯಾವ ದೇವರಿಗೆ ಹೊಂಟಿ?

“ಯಾ ದೇವರಿಗೂ ಅಲ್ಲ.”

“ಮತ್ತ ಗುಡ್ಡದ ಮ್ಯಾಲ ಏನೈತಿ?”

“ಏನೂ ಇಲ್ಲಂತ.”

“ಏನೂ ಇಲ್ಲದಲ್ಲಿಗೆ ಅಷ್ಟ ದೂರ ಯಾಕ ಹೋಗೂದು? ಏನೂ ಇಲ್ಲದ್ದು ಇಲ್ಲೇ ಬೇಕಾದಷ್ಟ ಐತಿ” ಅಂದರು ನಮ್ಮ ಮನೆಯವರು. ಆದರೂ ಚೀಲಕ್ಕೆ ಹೊಸ ಸ್ವೆಟರ್ ತಂದು ಹಾಕಿದವರು ಅವರೇ.

ಅವರಿಗೆ ಹೇಳಲು ಬರದೆ ಉಳಿದದ್ದು ಇದು. ಅಲ್ಲಿಯತನಕ ನಾನು ಊರು ಬಿಟ್ಟು ಹೋದದ್ದೆಲ್ಲ ಯಾರದೋ ಸಲುವಾಗಿ. ಹೆರಿಗೆಗೆ, ದವಾಖಾನೆಗೆ, ಕನ್ಯೆ ನೋಡಲು, ಹರಕೆ ತೀರಿಸಲು. ನನ್ನ ಸಲುವಾಗಿಯೇ ಒಂದು ಜಾಗಕ್ಕೆ ಹೋಗಬೇಕು ಅನ್ನಿಸಿತ್ತು. ದೇವರಿದ್ದರೆ ಮತ್ತೆ ಮಂದಿಯ ಸಲುವಾಗಿ ಏನಾದರೂ ಬೇಡಬೇಕಾಗುತ್ತದೆ.

ಎರಡು ತಿಂಗಳು ಬಸು ನನ್ನನ್ನು ತಯಾರು ಮಾಡಿದ. ರವಿವಾರ ಗೋಕಾಕಕ್ಕೆ ರೊಟ್ಟಿ ಮುಟ್ಟಿಸಿದ ಮೇಲೆ ಬೆನ್ನ ಚೀಲಕ್ಕೆ ಹತ್ತು ಕಿಲೋ ಜೋಳ ತುಂಬಿಕೊಂಡು ಕೊಣ್ಣೂರಿನಿಂದ ಗೋಕಾಕ ಫಾಲ್ಸಿನವರೆಗೆ ನಡೆದು ತಿರುಗಿ ಬರಬೇಕು. ಬೇಸಿಗೆ. ಫಾಲ್ಸಿನಲ್ಲಿ ನೀರಿಲ್ಲ, ಬರೀ ಕಾದ ಬಂಡೆ. ಕೊಣ್ಣೂರಿನ ಒಬ್ಬ ಅಜ್ಜ ದಾರಿಯಲ್ಲಿ ನನ್ನನ್ನು ನಿಲ್ಲಿಸಿದ.

“ಗಿರಣಿ ಆ ಕಡೆ ಐತೆವಾ. ನೀ ಈ ಕಡೆ ಹೊಂಟಿ.”

“ಬೀಸಾಕಲ್ಲ ಯಜ್ಜಾ, ಹೊರಾಕ.”

“ಹೊತ್ತು ಎಲ್ಲಿಗೆ ಒಯ್ತಿ?”

“ಹೊಳ್ಳಿ ಮನಿಗೆ.”

ಅಜ್ಜ ಬಹಳ ಹೊತ್ತು ನನ್ನ ಮುಖ ನೋಡಿ, “ಮನ್ಯಾಗ ಯಾರೂ ಕೇಳಾಂಗಿಲ್ಲೇನ ನಿನಗ?” ಅಂದ.

ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ದಿಲ್ಲಿ, ಆಮೇಲೆ ಬಸ್ಸು, ಆಮೇಲೆ ಜೀಪು. ದೇವದಾರು ಮರಗಳ ನಡುವಿನ ಒಂದು ಹಳ್ಳಿಯಲ್ಲಿ ಇಳಿದಾಗ ಮೈಗೆ ತಂಪು ತಾಗಿತು. ನಾವು ಹತ್ತು ಮಂದಿ. ಪುಣೆಯ ಇಬ್ಬರು ಗಂಡ ಹೆಂಡತಿ, ಉಳಿದವರು ಬೇರೆ ಬೇರೆ ಊರಿನವರು. ನಮ್ಮ ಕಡೆಯವರು ನಾವಿಬ್ಬರೇ. ನಡೆಸಿಕೊಂಡು ಹೋಗುವವನು ಜಗತ್, ಐವತ್ತರ ಆಸುಪಾಸಿನ ಗಿಡ್ಡ ಮನುಷ್ಯ. ಅವನ ಕೈಕೆಳಗೆ ಸುನೀತಾ ಎಂಬ ಗಟ್ಟಿ ಹೆಣ್ಣುಮಗಳು. ಅವರು ಆಡುವುದು ಹಿಂದಿ. ನನಗೆ ಧಾರಾವಾಹಿ ನೋಡಿ ಬಂದ ಹಿಂದಿ ಇತ್ತು, ಅದು ಸಾಕಾಯಿತು. ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಮೊದಲ ಸಂಜೆ ಜಗತ್ ನಮ್ಮನ್ನು ಸುತ್ತ ಕೂರಿಸಿಕೊಂಡು ಹೇಳಿದ. ನಾವು ಹತ್ತಬೇಕಾದದ್ದು ಎರಡು ಶಿಖರಗಳ ನಡುವಿನ ಖಿಂಡಿ, ಅವರ ಮಾತಿನಲ್ಲಿ ಜೋತ್. ಹದಿನಾಲ್ಕು ಸಾವಿರ ಅಡಿ. ಐದನೆಯ ದಿನ ಮೇಲೆ ಮುಟ್ಟಿ ಅದೇ ದಾರಿಯಲ್ಲಿ ಇಳಿಯುವುದು.

“ತಲೆನೋವು ಬಂದರೆ ಹೇಳಿ. ಮುಚ್ಚಿಡಬೇಡಿ. ಎಲ್ಲರೂ ‘ನಾನು ಚೆನ್ನಾಗಿದ್ದೇನೆ’ ಅಂತಲೇ ಹೇಳುತ್ತಾರೆ, ಅದಕ್ಕೇ ನಾನು ಮುಖ ನೋಡುವುದಿಲ್ಲ, ತಟ್ಟೆ ನೋಡುತ್ತೇನೆ. ಎತ್ತರದ ಗಾಳಿ ಹಿಡಿದವನು ಮೊದಲು ಊಟ ಬಿಡುತ್ತಾನೆ, ಆಮೇಲೆ ಬುದ್ಧಿ ಬಿಡುತ್ತಾನೆ. ಊಟ ಬಿಟ್ಟಾಗಲೇ ಕೆಳಗೆ ಕಳಿಸಿದರೆ ಬುದ್ಧಿ ಉಳಿಯುತ್ತದೆ. ಮತ್ತೆ, ಒಬ್ಬರು ಇಳಿದರೆ ಅವರ ಜೊತೆಗೆ ಬಂದವರೂ ಇಳಿಯಬೇಕು. ಇದು ನನ್ನ ಕಾಯಿದೆ.”

ಊಟಕ್ಕೆ ಅನ್ನ, ಬೇಳೆ, ಆಲೂಗಡ್ಡೆ. ನಾನು ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದೆ. ನಾನು ಮತ್ತು ಬಸು ಒಂದೇ ತಟ್ಟೆಯಲ್ಲಿ ಉಂಡೆವು. ನಮಗೆ ಅದು ಹೊಸದಲ್ಲ. ಸಣ್ಣವರಿದ್ದಾಗ ಅವ್ವ ಕೂಲಿಗೆ ಹೋಗುವ ಅವಸರದಲ್ಲಿ ಇಬ್ಬರಿಗೂ ಒಂದೇ ತಾಟಿನಲ್ಲಿ ಹಾಕಿಟ್ಟು ಹೋಗುತ್ತಿದ್ದಳು. ನಾನು ಮುರಿದು ಅವನ ಬಾಯಿಗಿಟ್ಟು ಉಳಿದದ್ದು ತಿನ್ನುತ್ತಿದ್ದೆ. ಅವನಿಗೆ ಮದುವೆಯಾಗಿ ಮಗಳಿದ್ದರೂ, ನಮ್ಮ ಮನೆಗೆ ಬಂದರೆ ಇವತ್ತಿಗೂ ಅವನಿಗೆ ಬೇರೆ ತಾಟು ಇಡುವ ರೂಢಿಯಿಲ್ಲ. ಪುಣೆಯ ಹೆಂಗಸು ನೋಡಿ ಮೊಬೈಲಿನಲ್ಲಿ ಫೋಟೋ ಹಿಡಿದಳು. ಜಗತ್ ಕೂಡ ನಕ್ಕು, ತೊಳೆಯುವವನಿಗೆ ಒಂದು ತಟ್ಟೆ ಉಳಿಯಿತು ಅಂದ.

ಎರಡನೆಯ ದಿನ ಬಸು ಎಲ್ಲರಿಗಿಂತ ಮುಂದೆ ಓಡಿದ. ಮೈಯಲ್ಲಿ ಶಕ್ತಿ ಇದ್ದವರು ಮಾಡುವ ತಪ್ಪು ಅದು. “ಮಾಸ್ತರ್‌ಜೀ, ಇಲ್ಲಿ ಪದಕ ಕೊಡುವುದಿಲ್ಲ, ನಿಧಾನ ನಡೆಯಿರಿ” ಎಂದು ಜಗತ್ ಎರಡು ಸಲ ಕೂಗಿದ. ನಾನು ಹಿಂದೆ ನನ್ನ ಹೆಜ್ಜೆಯಲ್ಲಿ ನಡೆದೆ. ಒಲೆಯ ಮುಂದೆ ಎಂಟು ತಾಸು ಒಂದೇ ಲಯದಲ್ಲಿ ಕೈ ಆಡಿಸುವವಳಿಗೆ ನಿಧಾನ ನಡೆಯುವುದನ್ನು ಕಲಿಸಬೇಕಾಗಿಲ್ಲ. ಕಾಡು ಮುಗಿದು ಹುಲ್ಲುಗಾವಲು ಬಂತು. ಕುರಿ ಕಾಯುವವರು ನೂರಾರು ಕುರಿ ಬಿಟ್ಟುಕೊಂಡು ಕೂತಿದ್ದರು. ಕೌಜಲಗಿ ಕಡೆ ಹೊಲದಲ್ಲಿ ಕುರಿ ನಿಲ್ಲಿಸುವ ಕುರುಬರ ಹಾಗೆಯೇ ಕಂಬಳಿ ಹೊದ್ದಿದ್ದರು, ನಮ್ಮನ್ನು ಅವರಂತೆಯೇ ಸುಮ್ಮನೆ ನೋಡಿದರು. ಅಲ್ಲಿ ನನಗೆ ಪರದೇಶ ಅನ್ನಿಸಲಿಲ್ಲ.

ಮೂರನೆಯ ದಿನ ನಡಿಗೆ ಇಲ್ಲ. ಮೈ ಎತ್ತರಕ್ಕೆ ಹೊಂದಲಿ ಎಂದು ಹುಲ್ಲುಗಾವಲಿನಲ್ಲೇ ಉಳಿದೆವು. ಸಂಜೆ ಡೇರೆಯಲ್ಲಿ ಬಸು ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕೂತಿದ್ದ.

“ಅಕ್ಕಾ, ತಲಿ ಸಿಡ್ಯಾಕತ್ತೈತಿ. ಮಧ್ಯಾಹ್ನದಿಂದ ಹೊಟ್ಟ್ಯಾಗ ತೊಳಸಾಕತ್ತೈತಿ.”

“ಜಗತ್ ಭೈಯಾಗ ಹೇಳಿ ಬರ್ತೇನಿ.”

“ಬ್ಯಾಡ. ಕೆಳಗ ಕಳಸ್ತಾನ. ಮಕ್ಕಳಿಗೆ ಓಡಾಕ ಕಲಸಾಂವ ನಾ, ಊರಾಗ ಹೋಗಿ ಏನ ಹೇಳಲಿ? ಒಂದ ರಾತ್ರಿ ಮಲಕೊಂಡ್ರ ಹೋಕ್ಕೈತಿ.”

ನಾನು ಎದ್ದು ಡೇರೆಯ ಜಿಪ್ಪಿಗೆ ಕೈ ಹಚ್ಚಿದ್ದೆ. ಆಗ ಅವನು ಹಿಂದಿನಿಂದ ಅಂದ: “ನೋಡ್ ಮತ್ತ. ನಾ ಇಳದ್ರ ನೀನೂ ಇಳೀಬೇಕಾಕ್ಕೈತಿ.”

ನಾನು ಕೈ ತೆಗೆದೆ.

ಇಲ್ಲಿ ನಾನು ಸ್ಪಷ್ಟ ಬರೆಯಬೇಕು. ಅವನು ಬೇಡ ಅಂದದ್ದಕ್ಕೆ ನಾನು ಸುಮ್ಮನಾಗಲಿಲ್ಲ. ಅವನು ಬೇಡ ಅಂದ ಎಷ್ಟೋ ಮಾತನ್ನು ನಾನು ಯಾವತ್ತೂ ಕೇಳಿದವಳಲ್ಲ. ಜ್ವರ ಬಂದಾಗ ಸೂಜಿ ಬೇಡ ಎಂದು ಅತ್ತವನನ್ನು ಎಳೆದುಕೊಂಡು ಹೋಗಿ ಚುಚ್ಚಿಸಿದವಳು ನಾನು. ಅವತ್ತು ಸುಮ್ಮನಾದದ್ದು ಇಳಿಯಲು ನನಗೆ ಮನಸ್ಸಿರಲಿಲ್ಲ ಎಂಬ ಕಾರಣಕ್ಕೆ.

ಊಟದ ಹೊತ್ತಿಗೆ ಬಸುವಿಗೆ ಒಂದು ತುತ್ತೂ ಇಳಿಯಲಿಲ್ಲ. ಜಗತ್ ತಟ್ಟೆಗಳನ್ನು ನೋಡುತ್ತ ಆ ಕಡೆಯಿಂದ ಬರುತ್ತಿದ್ದ. ನಮ್ಮದು ಒಂದೇ ತಟ್ಟೆ. ಇಬ್ಬರ ಪಾಲನ್ನೂ ನಾನು ಉಂಡೆ. ಬಸು ಸುಮ್ಮನೆ ಕೈ ಆಡಿಸುತ್ತಿದ್ದ. ನಮ್ಮ ಹತ್ತಿರ ಬಂದಾಗ ತಟ್ಟೆ ಬರಿದಾಗಿತ್ತು. ಜಗತ್ ತಲೆಯಾಡಿಸಿ ಮುಂದೆ ಹೋದ. ಬೇರೆ ಬೇರೆ ತಟ್ಟೆ ಇಟ್ಟುಕೊಂಡಿದ್ದರೆ ಅವನಿಗೆ ಆಗಲೇ ತಿಳಿಯುತ್ತಿತ್ತು. ಸಣ್ಣವನಿದ್ದಾಗ ಬಸುವಿನ ಹೊಟ್ಟೆ ತುಂಬಿಸಲು ಕಲಿತ ರೂಢಿ ಅವನ ಹಸಿವು ಸತ್ತದ್ದನ್ನು ಮುಚ್ಚಲು ಉಪಯೋಗಕ್ಕೆ ಬಂತು.

ನಾಲ್ಕನೆಯ ದಿನ ಹಿಮದ ಬುಡದ ತಂಗುದಾಣ ಸೇರುವಷ್ಟರಲ್ಲಿ ಆಲಿಕಲ್ಲು ಬಿತ್ತು. ಬಸು ಎಲ್ಲರಿಗಿಂತ ಹಿಂದೆ ಉಳಿದಿದ್ದ. ಯಾರೋ ಕೇಳಿದ್ದಕ್ಕೆ, ಅಕ್ಕನಿಗೆ ಜೊತೆ ಕೊಡುತ್ತಿದ್ದೇನೆ ಅಂದ. ಸಂಜೆ ಜಗತ್ ಎಲ್ಲರ ಬೆರಳಿಗೂ ಕ್ಲಿಪ್ಪಿನಂಥ ಯಂತ್ರ ಹಾಕಿ ರಕ್ತದಲ್ಲಿರುವ ಆಕ್ಸಿಜನ್ ನೋಡಿದ. ಬಸುವಿನ ಬೆರಳಿಗೆ ಹಾಕಿ ಸ್ವಲ್ಪ ಹೊತ್ತು ನಿಂತ. ತೆಗೆದು ಮತ್ತೆ ಹಾಕಿದ.

“ಕಡಿಮೆ ತೋರಿಸುತ್ತಿದೆ.”

“ಕೈ ತಣ್ಣಗಿದೆ, ಅದಕ್ಕೆ” ಎಂದು ಬಸು ನಕ್ಕ.

ಜಗತ್ ನನ್ನ ಕಡೆ ತಿರುಗಿದ. “ದೀದಿ, ತಮ್ಮ ಊಟ ಮಾಡುತ್ತಿದ್ದಾನೆಯೇ?”

“ನನಗಿಂತ ಹೆಚ್ಚು ಮಾಡುತ್ತಾನೆ” ಅಂದೆ. ಧಾರಾವಾಹಿಯ ಹಿಂದಿಯಲ್ಲಿ ನಾನು ಅಷ್ಟು ಶುದ್ಧವಾಗಿ ಆಡಿದ ವಾಕ್ಯ ಇನ್ನೊಂದಿಲ್ಲ.

ಅವನು ನನ್ನನ್ನು ನಂಬಿದ. ಅಕ್ಕ ಸುಳ್ಳು ಹೇಳುತ್ತಾಳೆ ಎಂದು ಯಾರು ತಿಳಿಯುತ್ತಾರೆ?

ಐದನೆಯ ದಿನ ಬೆಳಕು ಹರಿಯುವ ಮೊದಲು ಹೊರಟೆವು. ಹಿಮ ಗಟ್ಟಿಯಾಗಿತ್ತು. ಮುಂದಿನವರು ಒತ್ತಿದ ಹೆಜ್ಜೆಯಲ್ಲೇ ಹೆಜ್ಜೆ ಇಡಬೇಕು. ಎರಡೂವರೆ ತಾಸು ಹತ್ತಿದ ಮೇಲೆ ಒಂದು ಸಪಾಟು ಜಾಗ ಬಂತು. ಅಲ್ಲಿಂದ ಜೋತ್ ಕಾಣುತ್ತಿತ್ತು. ಕಲ್ಲಿನ ಗುಪ್ಪೆ, ಅದಕ್ಕೆ ಕಟ್ಟಿದ ಬಣ್ಣದ ಬಟ್ಟೆಗಳು ಹಾರುವುದು ಕೂಡ ಕಂಡಿತು. ಇನ್ನು ನಲವತ್ತು ನಿಮಿಷ ಅಂದಳು ಸುನೀತಾ. ಎಲ್ಲರೂ ಚೀಲ ಇಳಿಸಿ ಕೂತರು.

ಬಸು ಕೂರಲಿಲ್ಲ. ಹಿಮದಿಂದ ಮೇಲೆದ್ದಿದ್ದ ಕಲ್ಲುಗಳ ಮುಂದೆ ಹೋಗಿ ನಿಂತು ಜೋರಾಗಿ, “ಸಾಲಾಗಿ ನಿಂದರ್ರಿ. ಏ ಹಿಂದಿನಾಂವ, ಟೈ ಎಲ್ಲಿ? ಪ್ರಾರ್ಥನಿ ಗಂಟಿ ಆತು, ಇನ್ನೂ ಗದ್ದಲಾ ಮಾಡ್ತೀರಿ?” ಅಂದ.

ಪುಣೆಯವರಿಗೆ ಕನ್ನಡ ಬಾರದು, ಆದರೂ ತಮಾಷೆ ಎಂದು ನಕ್ಕರು. ನಾನೂ ಒಂದು ಗಳಿಗೆ ನಕ್ಕೆ. ಅವನು ಮುಂದಿನ ಕಲ್ಲಿನ ಹತ್ತಿರ ಬಾಗಿ ಅದರ ಭುಜ ಹಿಡಿದು ಸಾಲಿಗೆ ಸರಿಸುವವನಂತೆ ತಳ್ಳಿದ, ಮುಗ್ಗರಿಸಿ ಬಿದ್ದ. ನಾನು ಓಡಿಹೋಗಿ ಎತ್ತಿದೆ. ನನ್ನ ಮುಖ ನೋಡಿ, “ಬಾಯಾರ, ನೀವು ಯಾವ ಸಾಲಿಯವರ್ರಿ?” ಎಂದು, ಬೇರೆ ಸಾಲೆಯ ಶಿಕ್ಷಕಿಯನ್ನು ಕೇಳುವಂತೆ ಮರ್ಯಾದೆಯಿಂದ ಕೇಳಿದ.

ಜಗತ್ ಬಂದು ಅವನ ಕಣ್ಣು ನೋಡಿದ. ಒಂದು ಗೆರೆಯ ಮೇಲೆ ನಡೆಯಿರಿ ಅಂದ. ಬಸುವಿಗೆ ಎರಡು ಹೆಜ್ಜೆ ಸರಿಯಾಗಿ ಇಡಲು ಆಗಲಿಲ್ಲ.

“ದೀದಿ, ಕೊನೆಗೆ ಊಟ ಮಾಡಿದ್ದು ಯಾವಾಗ? ಸತ್ಯ ಹೇಳಿ.”

“ಮೊನ್ನೆ ಮುಂಜಾನೆ.”

ಜಗತ್ ಬೈಯಲಿಲ್ಲ. ನನ್ನನ್ನು ಮತ್ತೆ ನೋಡಲೂ ಇಲ್ಲ. ಒಂದು ಸೂಜಿ ಚುಚ್ಚಿದ, ಚೀಲದಿಂದ ಹಗ್ಗ ತೆಗೆದ, ನಮ್ಮ ಜೊತೆ ಬಂದಿದ್ದ ಇಬ್ಬರು ಹಮಾಲರನ್ನು ಕರೆದ. ಬಸುವನ್ನು ಬೆನ್ನಿಗೆ ಕಟ್ಟಿಕೊಂಡು ಮೂವರೂ ಸರದಿಯ ಮೇಲೆ ಹೊತ್ತು ಇಳಿಸಬೇಕು, ಮೆದುಳಿಗೆ ನೀರು ತುಂಬುತ್ತಿದೆ, ಎಷ್ಟು ಬೇಗ ಇಳಿದರೆ ಅಷ್ಟು ಒಳ್ಳೆಯದು ಎಂದು ಸುನೀತಾಗೆ ಹೇಳಿದ. “ದೀದಿಯನ್ನು ನೀನು ಹಿಂದಿನಿಂದ ಇಳಿಸಿಕೊಂಡು ಬಾ. ಉಳಿದವರು ಇಲ್ಲಿಯೇ ಕಾಯಲಿ, ಇಲ್ಲ ನಿನ್ನ ಜೊತೆ ಇಳಿಯಲಿ.” ಹಮಾಲನ ಬೆನ್ನ ಮೇಲೆ ಬಸುವಿನ ತಲೆ ತೂಗಾಡುತ್ತಿತ್ತು. ಹತ್ತು ನಿಮಿಷದಲ್ಲಿ ಅವರು ತಿರುವಿನಲ್ಲಿ ಮರೆಯಾದರು.

ಸುನೀತಾ ನನ್ನ ಚೀಲ ಎತ್ತಿಕೊಂಡಳು. “ನಡೆಯಿರಿ ದೀದಿ.”

“ಅವರ ಹಿಂದೆ ನಾನು ಓಡಲಾರೆ. ಈಗ ಇಳಿದರೂ ಅವರು ಸಿಗುವುದಿಲ್ಲ. ಮೇಲೆ ಹೋಗಿ ಬಂದು ಇಳಿಯೋಣ.”

ಅವಳು ನನ್ನನ್ನು ನೋಡಿದಳು. ಉಳಿದವರೂ ನೋಡಿದರು. ಅವರಿಗೂ ಮೇಲೆ ಹೋಗುವ ಆಸೆ ಇತ್ತು, ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದರು. ರೋಗಿಯ ಅಕ್ಕನೇ ಹೇಳಿದ ಮೇಲೆ ಎಲ್ಲರೂ ಎದ್ದರು, ಸುನೀತಾ ಕೂಡ ಮೇಲಕ್ಕೆ ಹೊರಟಳು. ಲೆಕ್ಕ ಸರಿಯಾಗಿಯೇ ಇತ್ತು. ನಾನು ಇಳಿದು ಅವನಿಗೆ ಮಾಡುವುದು ಏನೂ ಇರಲಿಲ್ಲ. ಅದನ್ನು ಮೂರು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ದವಾಖಾನೆಯ ಬಾಗಿಲಲ್ಲಿ ಕೂರುವವರೆಲ್ಲ ಏನು ಮಾಡುತ್ತಾರೆ? ಏನೂ ಮಾಡುವುದಿಲ್ಲ, ಕೂರುತ್ತಾರೆ.

ನಾನು ಹತ್ತಿದೆ. ಒಂದು ಸಲವೂ ಹಿಂದೆ ನೋಡಲಿಲ್ಲ.

ಬಸುವನ್ನು ಅವತ್ತೇ ಹುಲ್ಲುಗಾವಲು ದಾಟಿಸಿ, ಮರುದಿನ ಮುಂಜಾನೆ ಕಣಿವೆಯ ದವಾಖಾನೆಗೆ ಸೇರಿಸಿದ್ದರು. ನಾನು ಮುಟ್ಟಿದಾಗ ಸಂಜೆಯಾಗಿತ್ತು. ಮೂಗಿಗೆ ನಳಿಕೆ, ಮುಖ ಬಾತಿತ್ತು, ಕಣ್ಣು ಮಾತ್ರ ಅವನದೇ. ನನ್ನ ಗುರುತು ಹಿಡಿದ. ಬಾಗಿಲ ಹತ್ತಿರ ಜಗತ್ ನಿಂತಿದ್ದ, ಅವನ ಹೆಗಲು ಹಗ್ಗ ಉಜ್ಜಿ ಕೆಂಪಾಗಿತ್ತು.

“ನನ್ನ ಸಲುವಾಗಿ ನಿಂದೂ ಹಾಳಾತಲ್ಲ ಅಕ್ಕಾ” ಅಂದ ಬಸು. “ಅರ್ಧ ತಾಸು ಉಳದಿತ್ತು. ಹೊಳ್ಳಿ ಬಂದಿ.”

ನಾನು ಹಾಸಿಗೆಯ ಮೇಲೆ ಕೂತು ಅವನ ಕಾಲು ಹಿಡಿದೆ. “ಇರ್ಲಿ ಬಿಡಪಾ” ಅಂದೆ.

ಅಷ್ಟೇ. ಸುಳ್ಳು ಹೇಳುವ ತೊಂದರೆಯೂ ನನಗೆ ಬೀಳಲಿಲ್ಲ. ಜಗತ್‌ಗೆ ನಮ್ಮ ಮಾತು ತಿಳಿಯಲಿಲ್ಲ, ಆದರೆ ನಾನು ಮೇಲೆ ಹೋದದ್ದು ಸುನೀತಾಳಿಂದ ಗೊತ್ತಿತ್ತು, ನನ್ನ ಮುಖವೂ ತಿಳಿದಿರಬೇಕು. ಅವನು ಹೊರಗೆ ಹೋದ.

ಬಸು ಗುಣವಾದ. ಇನ್ನು ಯಾವತ್ತೂ ಅಷ್ಟು ಎತ್ತರ ಹತ್ತಬಾರದು ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ಊರಿಗೆ ಬಂದ ಮೇಲೆ ಅವನು ಬೂಟು, ಚೀಲ ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ. ಗುಡ್ಡದ ಕತೆ ಹೇಳುವುದನ್ನು ಬಿಟ್ಟ. ಹೇಳುತ್ತಿದ್ದದ್ದು ಒಂದೇ ಕತೆ, ಅಕ್ಕ ಅರ್ಧ ತಾಸಿನ ದಾರಿ ಬಿಟ್ಟು ತಿರುಗಿ ಬಂದದ್ದು. ಸ್ಟಾಫ್ ರೂಮಿನಲ್ಲಿ ಹೇಳಿದ, ಬೀಗರ ಮನೆಯಲ್ಲಿ ಹೇಳಿದ, ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆ ಹೇಳಿದ. ಆ ವರ್ಷ ಅವನ ಸಾಲೆಯ ವಾರ್ಷಿಕ ಸಮ್ಮೇಳನದಲ್ಲಿ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಹೆಡ್‌ಮಾಸ್ತರರು ಮಕ್ಕಳಿಗೆ, ಒಡಹುಟ್ಟಿದವರು ಅಂದರೆ ಹೀಗಿರಬೇಕು ಅಂದರು. ಮಕ್ಕಳು ಚಪ್ಪಾಳೆ ಹೊಡೆದರು. ಶಾಲು ಬೆಚ್ಚಗಿತ್ತು. ನಾನು ನಮಸ್ಕಾರ ಮಾಡಿದೆ.

ಇಷ್ಟಾದ ಮೇಲೆ ಹೋದ ತಿಂಗಳ ಆ ಫೋನ್. ಸುಮ್ಮನಿದ್ದರೆ ನಾನು ಮೇ ತಿಂಗಳಲ್ಲಿ ಮತ್ತೆ ಹೋಗಬೇಕು, ಕಂಡದ್ದನ್ನೇ ಮೊದಲ ಸಲ ಕಂಡವಳಂತೆ ಕಂಡು ಬರಬೇಕು, ಕೆಳಗೆ ಅವನು ಕಾಯುತ್ತ ಕೂರಬೇಕು. ಅಷ್ಟು ದೊಡ್ಡ ಸುಳ್ಳನ್ನು ಹೊರುವ ತಾಕತ್ತು ನನ್ನಲ್ಲಿ ಇತ್ತು, ಅದು ನನಗೆ ಗೊತ್ತು. ಗೊತ್ತಿದ್ದದ್ದಕ್ಕೇ ಅಂಜಿಕೆ ಬಂತು. ಮುಂದಿನ ರವಿವಾರ ಹುಕ್ಕೇರಿಯ ಬಸ್ಸು ಹತ್ತಿದೆ.

ಬಸು ಮನೆಯಲ್ಲಿರಲಿಲ್ಲ, ಸಾಲೆಯ ಮೈದಾನದಲ್ಲಿದ್ದ. ಕ್ರೀಡಾಕೂಟಕ್ಕೆ ಓಟದ ಗೆರೆ ಹಾಕುತ್ತಿದ್ದ. ಕಟ್ಟಿದ ದಾರದ ಗುಂಟ ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸುತ್ತ ಹಿಮ್ಮುಖವಾಗಿ ನಡೆಯುತ್ತಿದ್ದ.

“ಏನ ಅಕ್ಕಾ, ಹೇಳದ ಕೇಳದ ಬಂದಿ? ಬೂಟಿನ ಅಳತಿ ಕೊಡಾಕ ಬಂದಿಯೇನ?”

“ನಾ ಹೋಗಾಂಗಿಲ್ಲೋ. ನಾ ಆವತ್ತ ಹೊಳ್ಳಿ ಬಂದಿಲ್ಲ. ಮ್ಯಾಲ ಹೋಗಿ ಬಂದೇನಿ.”

ಅವನು ಗೆರೆ ನಿಲ್ಲಿಸಲಿಲ್ಲ. ನಾನು ಅವನ ಜೊತೆಗೇ ಪಕ್ಕದಲ್ಲಿ ನಡೆಯುತ್ತ ಎಲ್ಲ ಹೇಳಿದೆ. ಅವರು ತಿರುವಿನಲ್ಲಿ ಮರೆಯಾದದ್ದು, ನಾನು ಸುನೀತಾಗೆ ಅಂದದ್ದು, ಹತ್ತಿದ್ದು.

“ತಲಿನೋವು ಹೇಳಬ್ಯಾಡ ಅಂದಾಂವ ನಾನ ಅಲ್ಲೇನ” ಅಂದ. ನನಗೆ ದಾರಿ ಬಿಟ್ಟುಕೊಡುವ ಮಾತು ಅದು.

“ನೀ ಅಂದಿದ್ದಕ್ಕ ಸುಮ್ಮನಾಗಲಿಲ್ಲೋ. ನಾನೂ ಇಳೀಬೇಕಾಕ್ಕೈತಿ ಅಂತ ಸುಮ್ಮನಾದೆ. ನಿನ್ನ ಪಾಲಿಂದು ಉಂಡು ತಟ್ಟಿ ಖಾಲಿ ತೋರಸಿದ್ದೂ ಅದಕ್ಕ.”

ಅವನು ಗೆರೆಯ ಕೊನೆಯವರೆಗೆ ಹೋದ. ಡಬ್ಬಿ ಕೆಳಗಿಟ್ಟ. ನನಗೆ ಬೆನ್ನು ಮಾಡಿ ದಾರ ಬಿಚ್ಚಿ ಸುತ್ತಿಕೊಂಡ. ನಾನು ಹತ್ತಿರ ಹೋಗಲಿಲ್ಲ. ಆಮೇಲೆ ತಿರುಗಿ ಬಂದ.

“ಮೂರ ವರ್ಷ ಊರ ತುಂಬ ಹೇಳ್ಕೋತ ತಿರಗೇನಿ.”

“ಗೊತ್ತೈತಿ.”

“ಶಾಲು ಹೊದಿಸಿಕೊಂಡಿ.”

“ಹೊದಿಸಿಕೊಂಡೆ.”

“ನಾ ಸಾಯಬಹುದಿತ್ತು ಅಕ್ಕಾ.”

“ಹೌದು.”

ಅವನು ಕ್ಷಮಿಸಿದೆ ಅನ್ನಲಿಲ್ಲ. ಅನ್ನಲಿ ಎಂದು ನಾನು ಹೋಗಿರಲಿಲ್ಲ. ಮೈದಾನದ ಅಂಚಿನಲ್ಲಿದ್ದ ಕಲ್ಲಿನ ರೋಲರಿನ ಮೇಲೆ ಕೂತ, ಕೈಗೆ ಹತ್ತಿದ್ದ ಸುಣ್ಣ ಪ್ಯಾಂಟಿಗೆ ಒರೆಸಿಕೊಂಡ. ಸೂರ್ಯ ಇಳಿಯುತ್ತಿದ್ದ. ನಾನು ನಿಂತೇ ಇದ್ದೆ. ಅವನು ನನ್ನ ಕಡೆ ನೋಡದೆ ಕೇಳಿದ:

“ಆ ಕಡೆ ಏನೈತಿ?”

“ಯಾ ಕಡೆ?”

“ಜೋತ್‌ದ ಆ ಕಡೆ. ನಾ ಇನ್ನ ಹೋಗಾಂಗಿಲ್ಲ. ನೀ ನೋಡಿ ಬಂದಿ. ಹೇಳು.”

ಮೂರು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದು.

“ಈ ಕಡೆ ನಾವು ಹತ್ತಿದ್ದು ಹಿಮ ಅಲ್ಲೇನ. ಆ ಕಡೆ ಹಿಮ ಇಲ್ಲ, ಗಿಡಾ ಇಲ್ಲ, ಹುಲ್ಲಿಲ್ಲ. ಬರೀ ಗುಡ್ಡ. ಒಂದರ ಹಿಂದ ಒಂದು, ಮುಗಿಯಾಂಗ ಇಲ್ಲ. ಕೆಲವು ಅರಿಷಿಣ ಬಣ್ಣ, ಕೆಲವು ಇಟ್ಟಂಗಿ ಬಣ್ಣ. ಒಂದ ಹಳ್ಳ ಕೆಳಗ, ಸೂಜಿದಾರದಷ್ಟ ಕಾಣ್ತಿತ್ತು.”

“ಗಾಳಿ?”

“ಎದರಿಂದ. ನಿಂದ್ರಾಕ ಬಿಡ್ತಿರ್ಲಿಲ್ಲ. ಕಲ್ಲಿನ ಗುಪ್ಪಿ ಹಿಡಕೊಂಡ ನಿಂತಿದ್ದೆ. ಪುಣೇದಾಕಿ ಅಳಾಕತ್ತಿದ್ಲು. ಉಳದವರು ಕೈ ಮುಗಿದ್ರು. ನನಗ ನಗಿ ಬಂತು ನೋಡ್. ಜೋರಾಗಿ ನಕ್ಕೆ.”

“ಯಾಕ?”

“ಅಲ್ಲಿ ಖರೇನ ಏನೂ ಇರಲಿಲ್ಲೋ. ಬೇಡ್ಕೊಳ್ಳಾಕ ಏನೂ ಇರಲಿಲ್ಲ. ಯಾರದೂ ಏನೂ ಹೊತಗೊಂಡ ಹೋಗಿರಲಿಲ್ಲ ನಾ. ಜಲಮದಾಗ ಮೊದಲ ಸಲ.”

ಬಸು ಈಗ ನನ್ನ ಮುಖ ನೋಡಿದ. ಸಣ್ಣವನಿದ್ದಾಗ ತಪ್ಪು ಮಾಡಿ ಸಿಕ್ಕಿಬಿದ್ದರೆ ನಾನು ಅವನನ್ನು ನೋಡುತ್ತಿದ್ದ ನೋಟ ಅದು.

“ಆವಾಗ ನಾ ನೆನಪಿದ್ನೇನ?”

ಈ ಒಂದು ಪ್ರಶ್ನೆಯನ್ನು ಅವನು ಕೇಳುತ್ತಾನೆ ಎಂದು ನಾನು ಅಂದುಕೊಂಡಿರಲಿಲ್ಲ. ಉತ್ತರ ಮಾತ್ರ ಸಿದ್ಧವಾಗಿಯೇ ಇತ್ತು.

“ಇಲ್ಲ” ಅಂದೆ.

ಅವನು ರೋಲರಿನ ಮೇಲೆ ಬದಿಗೆ ಸರಿದು ನನಗೆ ಕೂರಲು ಜಾಗ ಬಿಟ್ಟ.

“ಮುಂದ ಹೇಳು” ಅಂದ.